ಏರ್‌ಪೋರ್ಟ್ ತಪಾಸಣೆ: ಯಾರು ಮುಟ್ಟಬಹುದು, ಏನು ಕೇಳಬಹುದು, ಎಲ್ಲಿಗೆ ನಿಲ್ಲಬೇಕು?

ಹೊಳೆಹೊನ್ನೂರಿನ ನಮಗೆ ವಿಮಾನ ಅಂದರೆ ಬಹುಕಾಲ ಬೆಂಗಳೂರಿನ ವಿಷಯವಾಗಿತ್ತು. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾಯಿತು, ಆಗಸ್ಟ್ 31ಕ್ಕೆ ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಲ್ಲಿಂದ ಈಚೆಗೆ ಊರಲ್ಲಿ ಮೊದಲ ಸಲ ವಿಮಾನ ಹತ್ತುವವರು ಹೆಚ್ಚಾಗಿದ್ದಾರೆ. ಎಂಜಿನಿಯರಿಂಗ್ ಓದಿ ಪತ್ರಕರ್ತನಾದವನು ಅಂತ ನನ್ನನ್ನು ಕೇಳುತ್ತಾರೆ: ಬಟ್ಟೆ ಬಿಚ್ಚಿಸ್ತಾರಾ? ಸ್ಕ್ಯಾನರ್‌ನಲ್ಲಿ ಮೈಯೆಲ್ಲಾ ಕಾಣುತ್ತಾ? ಫೋನ್ ಓಪನ್ ಮಾಡು ಅಂದರೆ ಮಾಡಲೇಬೇಕಾ? ಮುಖ ತೋರಿಸದೆ ಒಳಗೆ ಬಿಡಲ್ವಾ?

ಇವಕ್ಕೆಲ್ಲ ಒಂದೇ ಉತ್ತರ ಇಲ್ಲ. ನಿಮ್ಮ ಮುಂದೆ ನಿಂತವರು ಯಾರು, ಅವರು ಯಾವ ಕಾನೂನಿನ ಅಡಿ ನಿಂತಿದ್ದಾರೆ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಆ ವ್ಯತ್ಯಾಸ ಗೊತ್ತಿಲ್ಲದ ಕಡೆಯೇ ಪ್ರಯಾಣಿಕರ ಹಕ್ಕು ಸೋರಿಹೋಗುವುದು. ಹಾಗಾಗಿ ಒಂದೊಂದೇ ನೋಡೋಣ.

ತಳಪಾಯ: ಪುಟ್ಟಸ್ವಾಮಿ ತೀರ್ಪು

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಸರ್ಕಾರ ಈ ಹಕ್ಕಿನೊಳಗೆ ಕೈ ಹಾಕಬೇಕಾದರೆ ಕಾನೂನಿನ ಆಧಾರ ಇರಬೇಕು, ನ್ಯಾಯಯುತ ಉದ್ದೇಶ ಇರಬೇಕು, ಹಾಕುವ ಕೈ ಆ ಉದ್ದೇಶಕ್ಕೆ ಬೇಕಾದಷ್ಟೇ ಉದ್ದ ಇರಬೇಕು. ಏರ್‌ಪೋರ್ಟ್‌ನಲ್ಲಿ ಮೊದಲೆರಡು ಷರತ್ತು ಸುಲಭವಾಗಿ ಪಾಸಾಗುತ್ತವೆ. ಜಗಳ ಇರುವುದು ಮೂರನೆಯದರಲ್ಲಿ.

ಭದ್ರತಾ ಸಿಬ್ಬಂದಿ

ವಿಮಾನ ನಿಲ್ದಾಣಗಳ ಭದ್ರತೆಯ ನಿಯಮ ಮಾಡುವುದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ, ಅಂದರೆ ಬಿಸಿಎಎಸ್. 1976ರ ವಿಮಾನ ಅಪಹರಣದ ನಂತರ, 1978ರಲ್ಲಿ ಡಿಜಿಸಿಎ ಒಳಗಿನ ಒಂದು ಘಟಕವಾಗಿ ಹುಟ್ಟಿ, ಕನಿಷ್ಕ ಸ್ಫೋಟದ ಬಳಿಕ 1987ರಲ್ಲಿ ಸ್ವತಂತ್ರ ಇಲಾಖೆಯಾಯಿತು. 1999ರ ಡಿಸೆಂಬರ್‌ನ ಕಂದಹಾರ್ ಅಪಹರಣದ ತನಕ ತಪಾಸಣೆ ರಾಜ್ಯ ಪೊಲೀಸರ ಕೈಯಲ್ಲಿತ್ತು. 2000ದಿಂದ ಒಂದೊಂದೇ ನಿಲ್ದಾಣ ಸಿಐಎಸ್‌ಎಫ್‌ಗೆ ಹೋಯಿತು. ಈಗ ಅನ್ವಯವಾಗುವುದು 2023ರ ವಿಮಾನ ಭದ್ರತಾ ನಿಯಮಗಳು.

ಇವರ ಕೆಲಸ ಒಂದೇ: ಆಯುಧ, ಸ್ಫೋಟಕ, ನಿಷೇಧಿತ ವಸ್ತು ವಿಮಾನದೊಳಗೆ ಹೋಗದಂತೆ ತಡೆಯುವುದು. ಅದಕ್ಕಾಗಿ ಬ್ಯಾಗ್ ಎಕ್ಸ್‌ರೇ ಮಾಡಬಹುದು, ತೆರೆಸಬಹುದು, ಮೈ ತಡವಿ ನೋಡಬಹುದು. ತಪಾಸಣೆ ಬೇಡ ಅನ್ನುವ ಸ್ವಾತಂತ್ರ್ಯ ನಿಮಗಿದೆ, ಆದರೆ ಆಮೇಲೆ ವಿಮಾನ ಹತ್ತುವ ಹಾಗಿಲ್ಲ. ಮಹಿಳೆಯರನ್ನು ಮಹಿಳಾ ಸಿಬ್ಬಂದಿಯೇ, ಪರದೆಯ ಮರೆಯಲ್ಲಿ ಪರೀಕ್ಷಿಸಬೇಕು. ಲೋಹದ ಡಿಟೆಕ್ಟರ್ ಸದ್ದು ಮಾಡಿದ್ದು ಮಾಂಗಲ್ಯಕ್ಕೋ ಬೆಲ್ಟಿಗೋ ಅಂತ ಕೈ ಯಂತ್ರದಲ್ಲಿ ನೋಡಿ ಕಳಿಸುವುದು ರೂಢಿ.

ಜಾಕೆಟ್, ಬೆಲ್ಟ್ ತೆಗೆಸುವುದು ಸಾಮಾನ್ಯ. ಅದರಾಚೆ? 2023ರ ಜನವರಿಯಲ್ಲಿ ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಲ್ಲಿ ತನಗೆ ಶರ್ಟ್ ತೆಗೆಯಲು ಹೇಳಿದರು, ಒಳ ಉಡುಪಿನಲ್ಲಿ ನಿಲ್ಲಬೇಕಾಯಿತು ಎಂದು ಒಬ್ಬ ಯುವತಿ ಟ್ವೀಟ್ ಮಾಡಿದರು. ನಿಲ್ದಾಣದ ಅಧಿಕೃತ ಖಾತೆ ವಿಷಾದ ವ್ಯಕ್ತಪಡಿಸಿ, ಹೀಗಾಗಬಾರದಿತ್ತು, ಸಿಐಎಸ್‌ಎಫ್ ತಂಡದ ಗಮನಕ್ಕೆ ತಂದಿದ್ದೇವೆ ಎಂದಿತು. ಅಂಥ ಸಂದರ್ಭ ಬಂದರೆ ಎಲ್ಲರ ಕಣ್ಣೆದುರು ಏನನ್ನೂ ತೆಗೆಯಬೇಡಿ. ಪ್ರತ್ಯೇಕ ಕೋಣೆ, ಮಹಿಳಾ ಅಧಿಕಾರಿ, ಮೇಲಧಿಕಾರಿ ಬೇಕೆಂದು ಕೇಳಿ. ಹಾಗೆ ಕೇಳುವುದು ಅಸಹಕಾರ ಆಗೋದಿಲ್ಲ.

ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲೂ ಇದೇ ತರ್ಕ ನಡೆಯಬೇಕು. 2014ರ ನಾಲ್ಸಾ ತೀರ್ಪು ಸ್ವಯಂ ಗುರುತನ್ನು ಒಪ್ಪಿದೆ. ಯಾರು ತಪಾಸಣೆ ಮಾಡಬೇಕು ಅಂತ ಅವರನ್ನೇ ಕೇಳುವುದು ಆ ತೀರ್ಪಿಗೆ ಕೊಡುವ ಕನಿಷ್ಠ ಮರ್ಯಾದೆ.

ಕೃತಕ ಕಾಲು, ಗಾಲಿಕುರ್ಚಿ

2021ರ ಅಕ್ಟೋಬರ್‌ನಲ್ಲಿ ನೃತ್ಯಗಾರ್ತಿ, ನಟಿ ಸುಧಾ ಚಂದ್ರನ್ ಪ್ರತಿ ಸಲವೂ ತಮ್ಮ ಕೃತಕ ಕಾಲು ಬಿಚ್ಚಿಸುತ್ತಾರೆ ಎಂದು ವಿಡಿಯೊದಲ್ಲಿ ನೋವು ತೋಡಿಕೊಂಡರು. ಸಿಐಎಸ್‌ಎಫ್ ಕ್ಷಮೆ ಕೇಳಿತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೀಜಾ ಘೋಷ್ ಪ್ರಕರಣದಲ್ಲಿ, ಮಾನವ ಘನತೆ ಕಾಪಾಡಲು ಕೃತಕ ಅಂಗ ತೆಗೆಯುವಂತೆ ಕೇಳಬಾರದು, ಒಪ್ಪಿಗೆ ಇಲ್ಲದೆ ವಿಕಲಚೇತನರನ್ನು ಎತ್ತುವುದು ಅಮಾನವೀಯ ಎಂದಿತು. ಮನೆಯಲ್ಲಿ ಇಂಥ ಪ್ರಯಾಣಿಕರಿದ್ದರೆ ಈ ಪ್ರಕರಣದ ಹೆಸರು ನೆನಪಿರಲಿ. ಸ್ಥಳದಲ್ಲಿ ಹೇಳಿದರೆ ಕೆಲಸ ಮಾಡುತ್ತದೆ.

ಬಾಡಿ ಸ್ಕ್ಯಾನರ್

ಸ್ಕ್ಯಾನರ್‌ನಲ್ಲಿ ಬೆತ್ತಲೆ ಕಾಣ್ತೀವಿ ಅನ್ನೋ ಭಯ ಪೂರ್ತಿ ಸುಳ್ಳೇನಲ್ಲ. ಅಮೆರಿಕದಲ್ಲಿ ಎಕ್ಸ್‌ರೇ ಆಧಾರಿತ ಹಳೆಯ ಯಂತ್ರಗಳು ದೇಹದ ಆಕಾರವನ್ನೇ ತೋರಿಸುತ್ತಿದ್ದವು; ಆಕ್ಷೇಪ ಬಂದು 2013ರಲ್ಲಿ ಅವನ್ನು ನಿಲ್ದಾಣಗಳಿಂದ ತೆಗೆದರು. ಬಿಸಿಎಎಸ್ 2019ರ ಸೂಚನೆಯಲ್ಲಿ ಕೇಳಿರುವುದು ಮಿಲಿಮೀಟರ್ ತರಂಗದ ಯಂತ್ರ. ಅದು ರೇಡಿಯೊ ತರಂಗ, ಎಕ್ಸ್‌ರೇ ಅಲ್ಲ. ಪರದೆಯಲ್ಲಿ ಕಾಣುವುದು ಎಲ್ಲರಿಗೂ ಒಂದೇ ಥರದ ಗೊಂಬೆ ಚಿತ್ರ, ಅನುಮಾನದ ಜಾಗದಲ್ಲಿ ಒಂದು ಗುರುತು. ತಂತ್ರಜ್ಞಾನದಲ್ಲೇ ಖಾಸಗಿತನ ಕೂಡಿಸಬಹುದು ಅನ್ನೋದಕ್ಕೆ ಇದು ಒಳ್ಳೆ ಉದಾಹರಣೆ.

ಕಸ್ಟಮ್ಸ್

ಗಲ್ಫ್‌ನಿಂದ ಬರುವ ಅಣ್ಣ, ಬಾವ ಎದುರಿಸೋದು ಈ ಮೇಜು. ಕಾನೂನು 1962ರ ಕಸ್ಟಮ್ಸ್ ಕಾಯ್ದೆ. ಮೈಯಲ್ಲಿ ಏನಾದರೂ ಅಡಗಿಸಿದ್ದಾರೆ ಎಂದು ನಂಬಲು ಕಾರಣವಿದ್ದರೆ ಮಾತ್ರ ಹುಡುಕಬಹುದು. ಸೆಕ್ಷನ್ 102ರ ಪ್ರಕಾರ, ಗೆಜೆಟೆಡ್ ಕಸ್ಟಮ್ಸ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಕರೆದೊಯ್ಯಿರಿ ಎಂದು ನೀವು ಕೇಳಬಹುದು. ಇಬ್ಬರು ಸಾಕ್ಷಿ ಬೇಕು. ಮಹಿಳೆಯನ್ನು ಮಹಿಳೆಯೇ ಹುಡುಕಬೇಕು. ದೇಹದೊಳಗೆ ಅಡಗಿಸಿದ ಅನುಮಾನಕ್ಕೆ ಎಕ್ಸ್‌ರೇ ತೆಗೆಯಲು, ನೀವಾಗಿಯೇ ಒಪ್ಪದಿದ್ದರೆ, ಸೆಕ್ಷನ್ 103ರಡಿ ಮ್ಯಾಜಿಸ್ಟ್ರೇಟ್ ಅನುಮತಿ ಬೇಕು.

2025ರ ಮಾರ್ಚ್ 3ರಂದು ಬೆಂಗಳೂರು ನಿಲ್ದಾಣದಲ್ಲಿ ನಟಿ ರನ್ಯಾ ರಾವ್ ಅವರನ್ನು 14 ಕೆಜಿಗೂ ಹೆಚ್ಚು ಚಿನ್ನ ಸಾಗಿಸಿದ ಆರೋಪದ ಮೇಲೆ ಡಿಆರ್‌ಐ ಬಂಧಿಸಿದಾಗ, ಜಾಮೀನು ವಾದದಲ್ಲಿ ಅವರ ವಕೀಲರು ಎತ್ತಿದ್ದೂ ಇದೇ 102ನೇ ಸೆಕ್ಷನ್. ಆ ಹಂತದಲ್ಲಿ ಜಾಮೀನು ಸಿಗಲಿಲ್ಲ. ಆದರೆ ಹಣವಂತರ ವಕೀಲರಿಗೆ ಬಾಯಿಪಾಠ ಇರುವ ಸೆಕ್ಷನ್, ದುಬೈನಲ್ಲಿ ಕೂಲಿ ಮಾಡಿ ಬರುವವರಿಗೆ ಯಾಕೆ ಗೊತ್ತಿರಬಾರದು?

ಅದೇ ಪ್ರಕರಣದಲ್ಲಿ ಪೊಲೀಸ್ ಪ್ರೋಟೊಕಾಲ್ ದುರ್ಬಳಕೆಯ ಆರೋಪ ಬಂದು ರಾಜ್ಯ ಸರ್ಕಾರ ತನಿಖೆಗೆ ಆದೇಶಿಸಿತು. ರಾಷ್ಟ್ರಪತಿ, ಪ್ರಧಾನಿ, ರಾಜ್ಯಪಾಲರು, ಮುಖ್ಯಮಂತ್ರಿಗಳು ಹೀಗೆ ತಪಾಸಣೆಯಿಂದ ವಿನಾಯಿತಿ ಪಡೆದವರ ಪಟ್ಟಿಯೇ ಅಧಿಕೃತವಾಗಿ ಇದೆ. ಪಟ್ಟಿಯ ಹೊರಗಿನ ಪ್ರಭಾವಿಗಳಿಗೆ ಹಿಂಬಾಗಿಲು ತೆರೆದರೆ ನಮ್ಮ ಬೆಲ್ಟ್ ಬಿಚ್ಚಿಸಿ ಏನು ಪ್ರಯೋಜನ?

ಫೋನ್

ಸಾಧನ ಕೆಲಸ ಮಾಡುತ್ತಾ ಅಂತ ಆನ್ ಮಾಡಿ ತೋರಿಸಲು ಭದ್ರತಾ ಸಿಬ್ಬಂದಿ ಹೇಳಬಹುದು. ವಾಟ್ಸಾಪ್ ಓದುವುದು, ಗ್ಯಾಲರಿ ತಿರುವುವುದು ಅವರ ಕೆಲಸದ ವ್ಯಾಪ್ತಿಗೆ ಬರೋದಿಲ್ಲ. ಪೊಲೀಸ್ ತನಿಖೆಯಾದರೆ, ಕರ್ನಾಟಕ ಹೈಕೋರ್ಟ್ ವೀರೇಂದ್ರ ಖನ್ನಾ ಪ್ರಕರಣದಲ್ಲಿ (ಮಾರ್ಚ್ 2021) ಸ್ಮಾರ್ಟ್‌ಫೋನ್ ಶೋಧಕ್ಕೆ ಸಾಮಾನ್ಯವಾಗಿ ಕೋರ್ಟಿನ ವಾರಂಟ್ ಬೇಕು ಎಂದಿದೆ. ಆದರೆ ಕೋರ್ಟೇ ಪಾಸ್‌ವರ್ಡ್ ಕೊಡಲು ಆದೇಶಿಸಿದರೆ ಅದು ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳಿದಂತೆ ಆಗುವುದಿಲ್ಲ ಎಂದೂ ಹೇಳಿದೆ. ಹಾಗಾಗಿ ಬಾಯಿಮಾತಿಗೆ ಫೋನ್ ಬಿಚ್ಚಿಕೊಡಬೇಡಿ, ಆದೇಶ ಕೇಳಿ.

ಡಿಜಿ ಯಾತ್ರಾ

ಬೆಂಗಳೂರಿನಲ್ಲಿ 2022ರ ಡಿಸೆಂಬರ್ 1ರಿಂದ ಮುಖ ಗುರುತಿಸಿ ಒಳಬಿಡುವ ವ್ಯವಸ್ಥೆ ಇದೆ. ಇದು ಕಡ್ಡಾಯವಲ್ಲ. ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸಿ ಹೋಗುವ ದಾರಿ ಎಲ್ಲ ಕಡೆ ಇದೆ. ವಿಮಾನ ಹೊರಟ 24 ಗಂಟೆಯೊಳಗೆ ನಿಲ್ದಾಣದಿಂದ ದತ್ತಾಂಶ ಅಳಿಸುತ್ತೇವೆ ಅನ್ನುವುದು ಅವರ ಭರವಸೆ.

ಎಂಜಿನಿಯರ್ ಆಗಿ ನನ್ನ ತಕರಾರು ಇಷ್ಟೇ: ಅಳಿಸಿದ್ದನ್ನು ಹೊರಗಿನವರು ಪರಿಶೀಲಿಸುವ ದಾರಿ ಎಲ್ಲಿದೆ? ನಡೆಸುತ್ತಿರುವ ಡಿಜಿ ಯಾತ್ರಾ ಫೌಂಡೇಶನ್‌ನಲ್ಲಿ ಸರ್ಕಾರಿ ಪ್ರಾಧಿಕಾರದ ಪಾಲು ಶೇ 26, ಉಳಿದದ್ದು ಐದು ನಿಲ್ದಾಣಗಳ ಕಂಪನಿಗಳದ್ದು. 2023ರ ದತ್ತಾಂಶ ರಕ್ಷಣಾ ಕಾಯ್ದೆಯ ನಿಯಮಗಳು ಪ್ರಕಟವಾಗಿದ್ದೇ 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳಿಗೆ 18 ತಿಂಗಳ ಗಡುವು ಕೊಟ್ಟು. ಅಲ್ಲಿಯೂ ಸೆಕ್ಷನ್ 17 ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡಲು ಅವಕಾಶ ಇಟ್ಟಿದೆ.

ಅನ್ಯಾಯವಾದರೆ

ಸಮಯ, ಗೇಟ್ ಸಂಖ್ಯೆ, ಸಿಬ್ಬಂದಿಯ ಎದೆಯ ಮೇಲಿನ ಹೆಸರು ಬರೆದುಕೊಳ್ಳಿ. ಭದ್ರತಾ ಜಾಗದಲ್ಲಿ ವಿಡಿಯೊ ಮಾಡಲು ಹೋಗಬೇಡಿ, ಅದೇ ನಿಮ್ಮ ವಿರುದ್ಧ ತಿರುಗಬಹುದು. ಅಲ್ಲೇ ಪಾಳಿಯ ಮೇಲಧಿಕಾರಿಗೆ ದೂರು ಕೊಡಿ. ಸಿಸಿಟಿವಿ ದೃಶ್ಯ ಉಳಿಸಿಡುವಂತೆ ನಿಲ್ದಾಣಕ್ಕೆ ಅಂದೇ ಇಮೇಲ್ ಕಳಿಸಿ. ಕೇಂದ್ರದ ಏರ್‌ಸೇವಾದಲ್ಲಿ ದಾಖಲಿಸಿ. ಗಂಭೀರವಾದರೆ ಪೊಲೀಸ್ ಠಾಣೆ, ಮಹಿಳಾ ಆಯೋಗ, ಮಾನವ ಹಕ್ಕು ಆಯೋಗ ಇವೆ. ಸಿಐಎಸ್‌ಎಫ್ ಮಾಹಿತಿ ಹಕ್ಕು ಕಾಯ್ದೆಯ ಹೊರಗಿದೆ ಅಂತ ಹೇಳಿ ಕಳಿಸಬಹುದು. ನಿಜ, ಆದರೆ ಸೆಕ್ಷನ್ 24ರಲ್ಲೇ ಇದೆ: ಮಾನವ ಹಕ್ಕು ಉಲ್ಲಂಘನೆ ಮತ್ತು ಭ್ರಷ್ಟಾಚಾರದ ಆರೋಪಗಳಿಗೆ ಆ ವಿನಾಯಿತಿ ಇಲ್ಲ.

ಒಂದು ಬೋರ್ಡ್ ಹಾಕೋಕೆ ಏನು ಕಷ್ಟ?

ಬಿಸಿಎಎಸ್‌ನ ಎಷ್ಟೋ ಸುತ್ತೋಲೆಗಳು ಸಾರ್ವಜನಿಕರ ಕೈಗೆ ಸಿಗುವುದಿಲ್ಲ. ಬಾಂಬ್ ಪತ್ತೆಯ ವಿಧಾನ ಗುಟ್ಟಾಗಿರಲಿ, ಸರಿ. ನನ್ನ ಮೈ ಮುಟ್ಟುವ ನಿಯಮ ನನಗೇ ಗುಟ್ಟು ಅಂದರೆ ಏನರ್ಥ? ಯಾವುದನ್ನು ಒಯ್ಯಬಾರದು ಅಂತ ನಿಲ್ದಾಣದ ತುಂಬಾ ಬೋರ್ಡ್ ಇವೆ, ಸಿಬ್ಬಂದಿ ಏನು ಮಾಡಬಾರದು ಅಂತ ಒಂದೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಸೋಗಾನೆಯ ನಿಲ್ದಾಣ ನಡೆಸುತ್ತಿರುವುದು ರಾಜ್ಯ ಸರ್ಕಾರದ್ದೇ ಆದ ಕೆಎಸ್‌ಐಐಡಿಸಿ. ಪ್ರತ್ಯೇಕ ಕೋಣೆ ಕೇಳಬಹುದು, ಮಹಿಳಾ ಸಿಬ್ಬಂದಿ ಕೇಳಬಹುದು, ಕೃತಕ ಅಂಗ ಬಿಚ್ಚಬೇಕಿಲ್ಲ, ದೂರು ಇಲ್ಲಿ ಕೊಡಿ: ಕನ್ನಡದಲ್ಲಿ ನಾಲ್ಕು ಸಾಲು, ಸರದಿಯ ಆರಂಭದಲ್ಲೇ. ಇದಕ್ಕೆ ಹೊಸ ಕಾನೂನು ಬೇಡ. ಜಿಲ್ಲೆಯ ಶಾಸಕರು, ಸಂಸದರು ಹೊಸ ವಿಮಾನ ಮಾರ್ಗಗಳಿಗೆ ಪತ್ರ ಬರೆಯುವಾಗ ಇದನ್ನೂ ಒಂದು ಸಾಲು ಸೇರಿಸಲಿ. ಅವರು ಸೇರಿಸದಿದ್ದರೆ ನಾವೇ ಬರೆಯೋಣ.