ಫಾರ್ಮ್ ಡಿ ವಿದ್ಯಾರ್ಥಿಗೆ ತಜ್ಞ ಪ್ರಮಾಣಪತ್ರದ ಪರಿಚಯ: ಚಿಕ್ಕಬಳ್ಳಾಪುರ ಜಿಲ್ಲೆಯ ನೆಲೆಯಲ್ಲಿ

ಭಾರತದಲ್ಲಿ ಫಾರ್ಮ್ ಡಿ ಪದವಿಗೆ ರೂಪ ಕೊಟ್ಟದ್ದು 2008ರ ನಿಯಮಾವಳಿ. ಐದು ವರ್ಷ ಓದು, ಆರನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ಅದರಲ್ಲಿ ಆರು ತಿಂಗಳು ಜನರಲ್ ಮೆಡಿಸಿನ್‌ಗೆ ಮೀಸಲು; ಉಳಿದದ್ದು ಬೇರೆ ಮೂರು ವಿಭಾಗಗಳಿಗೆ, ತಲಾ ಎರಡು ತಿಂಗಳು. ಆ ಮೂರು ವಿಭಾಗಗಳು ಯಾವುವು ಎಂಬ ಪ್ರಶ್ನೆ ಬರುವ ಹೊತ್ತಿಗೆ ವಿದ್ಯಾರ್ಥಿಗೆ ತಜ್ಞತೆಯ ಕಲ್ಪನೆ ಇರಬೇಕು. ಆದ್ದರಿಂದ ತಜ್ಞ ಪ್ರಮಾಣಪತ್ರದ ಪರಿಚಯ ಆಗಬೇಕಾದದ್ದು ಕೊನೆಯ ವರ್ಷದಲ್ಲಲ್ಲ, ಫಾರ್ಮಕೋಥೆರಪ್ಯೂಟಿಕ್ಸ್ ಪಾಠಗಳು ನಡೆಯುವ ಎರಡು, ಮೂರನೆಯ ವರ್ಷಗಳಲ್ಲಿ.

ಇಂಥ ಪ್ರಮಾಣಪತ್ರ ಕೊಡುವ ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲಿಟೀಸ್ ಅಮೆರಿಕದಲ್ಲಿ 1976ರಲ್ಲಿ ಹುಟ್ಟಿತು. ನ್ಯೂಕ್ಲಿಯರ್ ಫಾರ್ಮಸಿಯಿಂದ ಆರಂಭಿಸಿ ಕ್ಯಾನ್ಸರ್, ಮಕ್ಕಳ ಚಿಕಿತ್ಸೆ, ತೀವ್ರ ನಿಗಾ, ಸೋಂಕುರೋಗ, ಹೊರರೋಗಿ ಸೇವೆ ಮುಂತಾದ ಕ್ಷೇತ್ರಗಳಿಗೆ ಅದು ಪ್ರಮಾಣಪತ್ರ ಕೊಡುತ್ತದೆ. ಬೇರೆ ದೇಶಗಳ ಪದವೀಧರರಿಗೂ ಅವಕಾಶವಿದೆ. ಆದರೆ ಪದವಿಯೊಂದೇ ಸಾಲದು: ನೋಂದಣಿ ಬೇಕು, ಆ ಕ್ಷೇತ್ರದಲ್ಲಿ ಪಡೆದ ಅನುಭವಕ್ಕೆ ಪುರಾವೆ ಬೇಕು, ಏಳು ವರ್ಷಕ್ಕೊಮ್ಮೆ ನವೀಕರಣ ಬೇಕು. ಭಾರತದ ವೈದ್ಯರಿಗೆ ರಾಷ್ಟ್ರೀಯ ಪರೀಕ್ಷಾ ಮಂಡಳಿ ಇದೆ. ಫಾರ್ಮಸಿಸ್ಟರಿಗೆ ಅಂಥ ತಜ್ಞ ಮಂಡಳಿ ಇಲ್ಲ. ಈ ಕೊರತೆ ನೀಗುವವರೆಗೆ ಕಾಲೇಜುಗಳು ಸುಮ್ಮನಿರಬಾರದು.

ತಜ್ಞತೆ ಎಂದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಸಂಗತಿ ಎಂಬ ಭಾವನೆ ವಿದ್ಯಾರ್ಥಿಗಳಲ್ಲಿ ಆಳವಾಗಿ ಬೇರೂರಿದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ಇದಕ್ಕೆ ಬೇರೆಯೇ ಉತ್ತರ ಕೊಡುತ್ತದೆ. ಅಲ್ಲಿ ರೇಷ್ಮೆಗೂಡು ಬೇಯಿಸುವ ಹಬೆಯಲ್ಲಿ ದಿನವಿಡೀ ನಿಲ್ಲುವ ನೂಲು ಬಿಚ್ಚಾಣಿಕೆ ಕಾರ್ಮಿಕರಿಗೆ ರೇಷ್ಮೆಯ ಪ್ರೋಟೀನಿನಿಂದ ಅಲರ್ಜಿ, ಉಬ್ಬಸ ಬರಬಹುದೆಂದು ವೈದ್ಯಸಂಶೋಧನೆ ಬಹಳ ಹಿಂದೆಯೇ ಗುರುತಿಸಿದೆ. ಇನ್‌ಹೇಲರ್ ಕೊಟ್ಟರೆ ಕೆಲಸ ಮುಗಿಯದು. ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಹೊಂದಿಕೆ ಬರುವವರೆಗೆ ಕೈಹಿಡಿದು ಕಲಿಸಬೇಕು, ಮುಂದಿನ ಭೇಟಿಯಲ್ಲಿ ಮತ್ತೆ ಮಾಡಿಸಿ ನೋಡಬೇಕು. ಹೊರರೋಗಿ ಸೇವೆಯ ತಜ್ಞತೆಯ ತಿರುಳೇ ಇದು. ಅದೇ ಜಿಲ್ಲೆಯ ಗೌರಿಬಿದನೂರು, ಚಿಂತಾಮಣಿ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆ, ಕೀಲುಗಳು ನೋಯತೊಡಗುತ್ತವೆ. ನೋವಿನ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆದು ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೆ ಅಪಾಯ; ಅದನ್ನು ಗುರುತಿಸಿ ಎಚ್ಚರಿಸುವುದೂ ಫಾರ್ಮಸಿಸ್ಟಿನ ಕೆಲಸ. ತೋಟಗಳಲ್ಲಿ ಬಳಸುವ ಆರ್ಗನೋಫಾಸ್ಫೇಟ್ ಕೀಟನಾಶಕ ಮೈಗೆ ಸೇರಿದ ರೋಗಿ ಬಂದಾಗ ಅಟ್ರೋಪಿನ್ ಎಷ್ಟು, ಎಷ್ಟು ಹೊತ್ತಿಗೊಮ್ಮೆ, ದಾಸ್ತಾನು ಸಾಕೇ ಎಂಬ ಲೆಕ್ಕ ತುರ್ತು ಚಿಕಿತ್ಸೆಯ ಫಾರ್ಮಸಿಸ್ಟಿನದು. ಇದೆಲ್ಲವನ್ನೂ ಕನ್ನಡದಲ್ಲೂ ತೆಲುಗಿನಲ್ಲೂ ವಿವರಿಸಬಲ್ಲ ಹುಡುಗ ಹುಡುಗಿಯರು ಈ ತಾಲ್ಲೂಕುಗಳಲ್ಲೇ ಇದ್ದಾರೆ.

ಇವರು ಇಲ್ಲೇ ತರಬೇತಿ ಪಡೆಯಲು ಅಡ್ಡಿ ಎಲ್ಲಿದೆ? ಫಾರ್ಮ್ ಡಿ ತರಬೇತಿಗೆ 300 ಹಾಸಿಗೆಯ ಆಸ್ಪತ್ರೆ ಬೇಕೆಂಬುದು ನಿಯಮ. ತಾಲ್ಲೂಕು ಆಸ್ಪತ್ರೆಗಳು ಆ ಗಾತ್ರದವಲ್ಲ. ನಿಯಮ ಸರಿಯೇ. ಆದರೆ ಐದನೆಯ ವರ್ಷದ ಕ್ಲರ್ಕ್‌ಶಿಪ್‌ನ ಕೆಲವು ವಾರಗಳನ್ನಾದರೂ ತಾಲ್ಲೂಕಿಗೆ ಕಳಿಸಿದರೆ ಅದರ ಆಶಯಕ್ಕೆ ಭಂಗ ಬಾರದು. ಅಲ್ಲಿ ನೋಡಿದ ಪ್ರತಿ ಪ್ರಕರಣವನ್ನೂ, ಕೊಟ್ಟ ಸಲಹೆಯನ್ನೂ, ವೈದ್ಯರು ಅದನ್ನು ಒಪ್ಪಿದರೇ ಇಲ್ಲವೇ ಎಂಬುದನ್ನೂ ವಿದ್ಯಾರ್ಥಿ ದಾಖಲಿಸಲಿ. ಆ ದಾಖಲೆ ಮುಂದೆ ತಜ್ಞ ಪ್ರಮಾಣಪತ್ರಕ್ಕೆ ಬೇಕಾಗುವ ಸೇವಾನುಭವದ ಲೆಕ್ಕಕ್ಕೆ ಬಾರದು, ನಿಜ. ತನ್ನ ಕ್ಷೇತ್ರ ಯಾವುದೆಂದು ಕಂಡುಕೊಳ್ಳಲು ಮಾತ್ರ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮುಂದಿನ ಪಠ್ಯ ಪರಿಷ್ಕರಣೆಯಲ್ಲಿ ಈ ತಾಲ್ಲೂಕು ತರಬೇತಿಯನ್ನು ಪರಿಗಣಿಸಬೇಕು. ಆರಂಭಕ್ಕೆ ಶಿಡ್ಲಘಟ್ಟದ ಹೊರರೋಗಿ ವಿಭಾಗ ಸಾಕು.