ವೈಯಕ್ತಿಕ ಕನ್ನಡ ಜಾಲತಾಣದ ನಿರ್ವಹಣೆ ಮತ್ತು ಉಪಯುಕ್ತ ಅಂತರ್ಜಾಲ ಸಾಧನಗಳು

1. ಪೀಠಿಕೆ

ತಮ್ಮ ಬರಹಗಳು, ಊರಿನ ಚರಿತ್ರೆ, ಸಂಗ್ರಹಿಸಿದ ಜನಪದ ಗೀತೆಗಳು, ಹಳೆಯ ಛಾಯಾಚಿತ್ರಗಳು ಮುಂತಾದವುಗಳನ್ನು ಸಾರ್ವಜನಿಕರಿಗೆ ದೊರಕಿಸಿಕೊಡುವ ಸಲುವಾಗಿ ವ್ಯಕ್ತಿಯೊಬ್ಬರು ಸ್ವಂತವಾಗಿ ನಡೆಸುವ ತಾಣವೇ ವೈಯಕ್ತಿಕ ಜಾಲತಾಣ. ಇಂತಹ ತಾಣವನ್ನು ಆರಂಭಿಸುವುದು ಸುಲಭ. ಹತ್ತು ವರ್ಷ ಉಳಿಸಿಕೊಳ್ಳುವುದು ಕಷ್ಟ. 1994ರಲ್ಲಿ ಆರಂಭವಾಗಿ ಲಕ್ಷಾಂತರ ಜನರಿಗೆ ಉಚಿತ ಪುಟಗಳನ್ನು ಒದಗಿಸಿದ್ದ ಜಿಯೋಸಿಟೀಸ್ ಸೇವೆಯನ್ನು 1999ರಲ್ಲಿ ಯಾಹೂ ಸಂಸ್ಥೆಯು ಖರೀದಿಸಿ, 2009ರ ಅಕ್ಟೋಬರ್‌ನಲ್ಲಿ ಜಪಾನ್ ಹೊರತುಪಡಿಸಿ ಉಳಿದೆಡೆ ಮುಚ್ಚಿತು. ಪ್ರತಿ ಇಟ್ಟುಕೊಳ್ಳದಿದ್ದವರ ಬರಹಗಳು ಪುಟಗಳೊಂದಿಗೇ ಹೋದವು. ಕನ್ನಡದ ತಾಣಗಳಿಗೆ ಇದರ ಜೊತೆಗೆ ಅಕ್ಷರ ಸಂಕೇತದ ಸಮಸ್ಯೆಯೂ ಇದೆ. ಇವೆರಡನ್ನೂ ಗಮನದಲ್ಲಿರಿಸಿಕೊಂಡು ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ತಾಣದ ಮೂರು ಅಂಗಗಳು

ಅ) ಡೊಮೈನ್ ಹೆಸರು: ಇದು ತಾಣದ ವಿಳಾಸ. ಭಾರತದ ‘ಡಾಟ್ ಇನ್’ ವಿಳಾಸಗಳ ನೋಂದಣಿಯು 2005ರಿಂದ ಸಾರ್ವಜನಿಕರಿಗೆ ವ್ಯಾಪಕವಾಗಿ ಮುಕ್ತವಾಗಿದೆ. ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಎಂದು ಕೊನೆಗೊಳ್ಳುವ ವಿಳಾಸಗಳೂ ಲಭ್ಯವಿವೆ. ಡೊಮೈನ್ ಹೆಸರು ಆಸ್ತಿಯಂತೆ ಕೊಂಡುಕೊಳ್ಳುವ ವಸ್ತುವಲ್ಲ. ನಿಗದಿತ ಅವಧಿಗೆ ಪಡೆಯುವ ಹಕ್ಕು ಮಾತ್ರ. ಅವಧಿ ಮುಗಿದು ನವೀಕರಿಸದಿದ್ದಲ್ಲಿ ಅದೇ ಹೆಸರನ್ನು ಅಪರಿಚಿತರು ಪಡೆಯಬಹುದು.

ಆ) ಹೋಸ್ಟಿಂಗ್: ಕಡತಗಳನ್ನು ಇರಿಸುವ ಸರ್ವರ್‌ನ ಸ್ಥಳ. ಡೊಮೈನ್ ಮತ್ತು ಹೋಸ್ಟಿಂಗ್ ಬೇರೆ ಬೇರೆ ಸೇವೆಗಳು. ಡೊಮೈನ್ ತಮ್ಮ ಹೆಸರಿನಲ್ಲಿಯೇ ಇದ್ದಲ್ಲಿ, ಹೋಸ್ಟಿಂಗ್ ಸಂಸ್ಥೆ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಆದುದರಿಂದ ತಾಣ ರಚಿಸಿಕೊಡುವವರ ಹೆಸರಿನಲ್ಲಿ ಡೊಮೈನ್ ನೋಂದಾಯಿಸಲು ಅವಕಾಶ ನೀಡಬಾರದು.

ಇ) ಕಡತಗಳು: ಪುಟಗಳು ಹಾಗೂ ಚಿತ್ರಗಳು. ಆಗಾಗ್ಗೆ ಬದಲಾಗದ ಬರಹಗಳಿಗೆ ಸರಳ ಎಚ್‌ಟಿಎಂಎಲ್ ಪುಟಗಳು ಸಾಕು. ವರ್ಡ್‌ಪ್ರೆಸ್‌ನಂತಹ ತಂತ್ರಾಂಶವನ್ನು ಬಳಸಿದಲ್ಲಿ ಪುಟ ಸೇರಿಸುವುದು ಸುಲಭವಾದರೂ, ಸುರಕ್ಷತೆಗಾಗಿ ಅದನ್ನು ಕಾಲಕಾಲಕ್ಕೆ ಪರಿಷ್ಕರಿಸುತ್ತಿರಬೇಕು.

3. ಯೂನಿಕೋಡ್‌ನ ಅಗತ್ಯ

ಯೂನಿಕೋಡ್ ಶಿಷ್ಟತೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ 128 ಸಂಕೇತ ಸ್ಥಾನಗಳನ್ನು ಮೀಸಲಿಡಲಾಗಿದೆ. ಆದರೆ ಸಾಮಾನ್ಯ ಗಣಕಯಂತ್ರಗಳಲ್ಲಿ ಅದನ್ನು ತೋರಿಸುವ ಸೌಲಭ್ಯ ಬಹುಕಾಲ ಇರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಫಾಂಟ್ ದೊರೆಯಿತು. ಅದಕ್ಕೂ ಮುನ್ನ, ಹಾಗೂ ಆ ನಂತರವೂ ಹಲವು ವರ್ಷ, ಬರಹ, ನುಡಿ ಮುಂತಾದ ತಂತ್ರಾಂಶಗಳ ಫಾಂಟ್ ಆಧಾರಿತ ಸಂಕೇತಗಳಲ್ಲಿ ಪುಟಗಳು ಸಿದ್ಧವಾದವು. ಅವುಗಳಲ್ಲಿ ಕಡತದೊಳಗೆ ಇರುವುದು ರೋಮನ್ ಅಕ್ಷರ ಹಾಗೂ ಚಿಹ್ನೆಗಳು. ಫಾಂಟ್ ಅವುಗಳಿಗೆ ಕನ್ನಡದ ರೂಪವನ್ನು ಮಾತ್ರ ತೊಡಿಸುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ಗುಚ್ಛ. ಶೋಧ ಯಂತ್ರಕ್ಕೆ ಅದು ಕನ್ನಡವೆಂದು ತಿಳಿಯದು. ದೃಷ್ಟಿ ವಿಕಲಚೇತನರು ಬಳಸುವ ಪರದೆ ವಾಚಕವೂ ಅದನ್ನು ಓದಲಾರದು.

ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ‘ಕನ್ನಡ’ ಎಂಬ ಪದದಲ್ಲಿ ಹಲಂತ ಚಿಹ್ನೆಯೂ ಸೇರಿ 5 ಸಂಕೇತಗಳಿದ್ದು, ಒಟ್ಟು 15 ಬೈಟ್ ಆಗುತ್ತದೆ. ಇದು ಒಂದು ಸಾಧಾರಣ ಛಾಯಾಚಿತ್ರದ ಗಾತ್ರದ ಮುಂದೆ ನಗಣ್ಯ. ಆದುದರಿಂದ ಸ್ಥಳಾವಕಾಶದ ಕಾರಣಕ್ಕಾಗಿ ಪಠ್ಯವನ್ನು ಚಿತ್ರರೂಪದಲ್ಲಿ ಹಾಕುವ ಅವಶ್ಯಕತೆ ಇರುವುದಿಲ್ಲ.

4. ಹಳೆಯ ಕಡತಗಳ ಪರಿವರ್ತನೆ

ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಲಭ್ಯವಿವೆ. ಪರಿವರ್ತನೆಯ ನಂತರ ಈ ಕೆಳಕಂಡ ಅಂಶಗಳನ್ನು ಪರಿಶೀಲಿಸತಕ್ಕದ್ದು:

(i) ಅರ್ಕಾವತ್ತು: ‘ಸೂರ್ಯ’, ‘ಕಾರ್ಯ’ ಮುಂತಾದ ಪದಗಳಲ್ಲಿ ರೇಫವು ಸ್ಥಾನಪಲ್ಲಟವಾಗಿರುವ ಸಂಭವವಿದೆ.
(ii) ಕಡತದ ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥಹೀನ ಕನ್ನಡ ಅಕ್ಷರಗಳಾಗಿ ಬದಲಾಗಿರಬಹುದು.
(iii) ‘ರಾಜ್‌ಕುಮಾರ್’, ‘ಸಾಫ್ಟ್‌ವೇರ್’ ಮುಂತಾದ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತ ಅಗತ್ಯ. ಅದು ಬಿಟ್ಟುಹೋದಲ್ಲಿ ಪದದ ರೂಪ ಕೆಡುತ್ತದೆ.

ಮೂಲ ಕಡತವನ್ನು ಅಳಿಸಬಾರದು. ಪತ್ರ, ದಾಖಲೆ ಮುಂತಾದ ಖಾಸಗಿ ಕಡತಗಳನ್ನು ಅನ್ಯರ ತಾಣದಲ್ಲಿರುವ ಪರಿವರ್ತಕಕ್ಕೆ ಸಲ್ಲಿಸದೆ, ಸ್ವಂತ ಗಣಕಯಂತ್ರದಲ್ಲಿ ಕೆಲಸ ಮಾಡುವ ತಂತ್ರಾಂಶದಿಂದಲೇ ಪರಿವರ್ತಿಸುವುದು ಸೂಕ್ತ.

5. ಪ್ರಯೋಗಿಸಿ ನೋಡಬಹುದಾದ ಉಚಿತ ಸಾಧನಗಳು

ಅ) ಪುಟ ಪರೀಕ್ಷಕ: 1994ರಲ್ಲಿ ಸ್ಥಾಪಿತವಾದ ಡಬ್ಲ್ಯು3ಸಿ ಸಂಸ್ಥೆಯ ‘ವ್ಯಾಲಿಡೇಟರ್’ ಪುಟದ ರಚನೆಯಲ್ಲಿನ ದೋಷಗಳನ್ನು ಸಾಲು ಸಂಖ್ಯೆಯೊಂದಿಗೆ ತೋರಿಸುತ್ತದೆ. ಪುಟದ ಭಾಷೆ ಕನ್ನಡವೆಂದು ಸೂಚಿಸುವ ‘ಕೆಎನ್’ ಸಂಕೇತ ಹಾಗೂ ಯುಟಿಎಫ್-8 ಘೋಷಣೆ ಪ್ರತಿ ಪುಟದಲ್ಲಿಯೂ ಇರತಕ್ಕದ್ದು.

ಆ) ಪರದೆ ವಾಚಕ: 2006ರಲ್ಲಿ ಆರಂಭವಾದ ಎನ್‌ವಿಡಿಎ ತಂತ್ರಾಂಶವು ಕನ್ನಡ ಪಠ್ಯವನ್ನು ಧ್ವನಿಯಾಗಿ ಓದಬಲ್ಲದು. ತಮ್ಮ ಪುಟವನ್ನು ಇದರಿಂದ ಒಮ್ಮೆ ಓದಿಸಿ ಕೇಳಿದಲ್ಲಿ, ವಿವರಣೆ ಇಲ್ಲದ ಚಿತ್ರಗಳು ಹಾಗೂ ತಪ್ಪು ಸಂಕೇತಗಳು ಕೂಡಲೇ ತಿಳಿಯುತ್ತವೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ವರ್ಣಭೇದ ಇರಬೇಕೆಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ.

ಇ) ಸುರಕ್ಷತಾ ಪ್ರಮಾಣಪತ್ರ: ‘ಲೆಟ್ಸ್ ಎನ್‌ಕ್ರಿಪ್ಟ್’ ಸೇವೆಯು 2015ರಿಂದ ಉಚಿತವಾಗಿ ಪ್ರಮಾಣಪತ್ರ ನೀಡುತ್ತಿದೆ. ಇವುಗಳ ಅವಧಿ ಅಲ್ಪವಾದುದರಿಂದ ಸ್ವಯಂಚಾಲಿತ ನವೀಕರಣವನ್ನು ಅಳವಡಿಸಿಕೊಳ್ಳಬೇಕು.

ಈ) ಸಂಗ್ರಹ ಸಾಧನ: 1996ರಲ್ಲಿ ಸ್ಥಾಪಿತವಾದ ಇಂಟರ್‌ನೆಟ್ ಆರ್ಕೈವ್ ಸಂಸ್ಥೆಯ ‘ವೇಬ್ಯಾಕ್ ಮಷಿನ್’ 2001ರಿಂದ ಸಾರ್ವಜನಿಕರಿಗೆ ಮುಕ್ತವಾಗಿದೆ. ಪುಟದ ವಿಳಾಸವನ್ನು ನಮೂದಿಸಿ ಅಂದಿನ ಪ್ರತಿಯನ್ನು ಅಲ್ಲಿ ಉಳಿಸಬಹುದು. ಕಳೆದುಹೋದ ಸ್ವಂತ ಪುಟಗಳನ್ನೂ ಅಲ್ಲಿ ಹುಡುಕಬಹುದು.

ಉ) ಕಿರುಕೊಂಡಿ ಸೇವೆಗಳು: ಇವುಗಳನ್ನು ಶಾಶ್ವತವೆಂದು ನಂಬಬಾರದು. ಗೂಗಲ್‌ನ ಕಿರುಕೊಂಡಿ ಸೇವೆಯು 2019ರ ಮಾರ್ಚ್‌ನಲ್ಲಿ ನಿಂತಿತು. ಬಳಕೆಯಲ್ಲಿಲ್ಲದ ಅದರ ಕೊಂಡಿಗಳನ್ನು 2025ರ ಆಗಸ್ಟ್‌ನಲ್ಲಿ ನಿಷ್ಕ್ರಿಯಗೊಳಿಸಲಾಯಿತು. ಮುದ್ರಿತ ಪುಸ್ತಕ, ಆಹ್ವಾನ ಪತ್ರಿಕೆಗಳಲ್ಲಿ ತಾಣದ ಪೂರ್ಣ ವಿಳಾಸವನ್ನೇ ನೀಡುವುದು ಕ್ಷೇಮ.

6. ಹಕ್ಕುಸ್ವಾಮ್ಯ

ಕೃತಿಸ್ವಾಮ್ಯ ಅಧಿನಿಯಮ, 1957ರ ಪ್ರಕಾರ, ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಸಾಹಿತ್ಯ ಕೃತಿಯ ಹಕ್ಕು ಅವರು ನಿಧನರಾದ ಮುಂದಿನ ವರ್ಷದ ಆರಂಭದಿಂದ 60 ವರ್ಷ ಇರುತ್ತದೆ. ಉದಾಹರಣೆಗೆ, 1946ರಲ್ಲಿ ನಿಧನರಾದ ಬಿ.ಎಂ. ಶ್ರೀಕಂಠಯ್ಯನವರ ಅಂತಹ ಕೃತಿಗಳು 2007ರಿಂದ ಸಾರ್ವಜನಿಕ ಸ್ವತ್ತು. 1975ರಲ್ಲಿ ನಿಧನರಾದ ಡಿ.ವಿ. ಗುಂಡಪ್ಪನವರ ಕೃತಿಗಳ ಹಕ್ಕು 2035ರ ಅಂತ್ಯದವರೆಗೆ ಇರುತ್ತದೆ. ಮೆಚ್ಚಿನ ಕವಿತೆಯನ್ನು ಪೂರ್ಣವಾಗಿ ತಾಣದಲ್ಲಿ ಹಾಕುವ ಮುನ್ನ ಹಕ್ಕುದಾರರ ಅನುಮತಿ ಪಡೆಯುವುದು ಅವಶ್ಯ.

7. ನಿರ್ವಹಣಾ ವಹಿ

ತಾಣಕ್ಕೂ ಮನೆಯ ಲೆಕ್ಕದಂತೆ ಒಂದು ವಹಿಯನ್ನು ಇಡುವುದು ಒಳ್ಳೆಯದು. ಅದರಲ್ಲಿ ನೋಂದಣಿ ಸಂಸ್ಥೆ, ನವೀಕರಣದ ದಿನಾಂಕ, ಪಾವತಿಸಿದ ಮೊತ್ತ, ಖಾತೆಗೆ ಜೋಡಿಸಿದ ಇ-ಮೇಲ್ ವಿಳಾಸ ಹಾಗೂ ಕೊನೆಯ ಪ್ರತಿ ತೆಗೆದ ದಿನಾಂಕಗಳನ್ನು ನಮೂದಿಸಬೇಕು. ಮೊದಲ ವರ್ಷದ ರಿಯಾಯಿತಿ ದರವನ್ನಲ್ಲದೆ, ನವೀಕರಣದ ದರವನ್ನು ನೋಡಿ ಖರ್ಚನ್ನು ಅಂದಾಜಿಸಬೇಕು. ಎಲ್ಲ ಕಡತಗಳ ಮೂರು ಪ್ರತಿಗಳನ್ನು, ಎರಡು ಬಗೆಯ ಮಾಧ್ಯಮಗಳಲ್ಲಿ, ಕನಿಷ್ಠ ಒಂದನ್ನು ಬೇರೆ ಸ್ಥಳದಲ್ಲಿ ಇರಿಸುವುದು ಸರ್ವಮಾನ್ಯ ಪದ್ಧತಿ.

ಗುಪ್ತಪದಗಳನ್ನು ವಹಿಯಲ್ಲಿ ಬರೆಯದೆ ಪ್ರತ್ಯೇಕವಾಗಿ ಭದ್ರಪಡಿಸಬೇಕು. ಅವು ಎಲ್ಲಿವೆ ಎಂಬುದು ಕುಟುಂಬದ ನಂಬಿಕಸ್ಥ ಸದಸ್ಯರೊಬ್ಬರಿಗೆ ತಿಳಿದಿರಬೇಕು. ತಾಣ ನಡೆಸುತ್ತಿದ್ದವರು ಕಾಲವಾದ ನಂತರ, ನವೀಕರಣದ ಸೂಚನೆಯು ಯಾರೂ ತೆರೆಯದ ಅಂಚೆಪೆಟ್ಟಿಗೆಗೆ ಬಂದು, ಆಯುಷ್ಯವಿಡೀ ಕೂಡಿಸಿದ ಸಂಗ್ರಹವು ಇಲ್ಲವಾಗಲು ಈ ಒಂದು ಲೋಪ ಸಾಕು.

ಸಾರ್ವಜನಿಕರು ಮೇಲ್ಕಂಡ ಮಾಹಿತಿಯ ಸದುಪಯೋಗ ಪಡೆದುಕೊಳ್ಳುವಂತೆ ಹಾಗೂ ತಮ್ಮಲ್ಲಿರುವ ಹಳೆಯ ಕನ್ನಡ ಕಡತಗಳನ್ನು ವಿಳಂಬವಿಲ್ಲದೆ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವಂತೆ ಕೋರಲಾಗಿದೆ.