ಗೀಟು ಲೆಕ್ಕದ ಕಾಲದ ಕೆಜಿಎಫ್

ನಿಮ್ಮ ಫೋನಿನಲ್ಲಿ ರೈಲು ಟಿಕೆಟ್ ಆ್ಯಪ್ ಇದ್ದರೆ ಒಮ್ಮೆ ತೆಗೆದು ಬಂಗಾರಪೇಟೆ ಅಂತ ಹಾಕಿ ನೋಡಿ. ಪಕ್ಕದಲ್ಲಿ ಸ್ಟೇಷನ್ನಿನ ಕೋಡ್ ಬರುತ್ತದೆ: ಬಿ, ಡಬ್ಲ್ಯೂ, ಟಿ. ಬಂಗಾರಪೇಟೆ ಅನ್ನೋ ಹೆಸರಿನಲ್ಲಿ ಡಬ್ಲ್ಯೂ ಎಲ್ಲಿಂದ ಬಂತು? ಅದು ಬೌರಿಂಗ್‌ಪೇಟೆಯ ಡಬ್ಲ್ಯೂ. ಲೂವಿನ್ ಬೌರಿಂಗ್ ಅನ್ನುವ ಬ್ರಿಟಿಷ್ ಅಧಿಕಾರಿ 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ. ಅವನ ಕಾಲದಲ್ಲೇ, 1864ರಲ್ಲಿ, ಮದರಾಸಿನ ಕಡೆಯಿಂದ ರೈಲು ಬೆಂಗಳೂರು ಮುಟ್ಟಿತು. ದಾರಿಯಲ್ಲಿದ್ದ ಈ ಪೇಟೆಗೆ ಅವನ ಹೆಸರು ಬಿತ್ತು. ಬೆಂಗಳೂರಿನ ಬೌರಿಂಗ್ ಆಸ್ಪತ್ರೆ ಗೊತ್ತಲ್ಲ, ಅದೇ ಬೌರಿಂಗ್.

ಬೋರ್ಡಿನ ಮೇಲೆ ಊರಿನ ಹೆಸರು ಬದಲಾಗಿ ಎಷ್ಟೋ ಕಾಲವಾಯಿತು. ನಮ್ಮ ಅಜ್ಜಿ ಮಾತ್ರ ಸಾಯುವವರೆಗೂ 'ಬೌರಂಪೇಟೆ' ಅಂತಲೇ ಅಂದರು. ಈಗ ಆ ಹೆಸರು ಉಳಿದಿರೋದು ಮೂರು ಅಕ್ಷರದ ಕೋಡಿನಲ್ಲಿ. ಬಂಗಾರಪೇಟೆ ಅಂದರೆ ಇವತ್ತಿನ ಹುಡುಗರಿಗೆ ಬಿಳಿ ನೀರಿನ ಪಾನಿಪುರಿ. ತಪ್ಪೇನಿಲ್ಲ, ಪಾನಿಪುರಿ ಚೆನ್ನಾಗಿಯೇ ಇರುತ್ತದೆ.

ಅಜ್ಜಿಯ ಇನ್ನೊಂದು ಮಾತು 'ಫೀಲ್ಡು'. ಕೆಜಿಎಫ್ ಅಂತ ಅವರು ಅಂದಿದ್ದು ನನಗೆ ನೆನಪಿಲ್ಲ. "ತಾತ ಫೀಲ್ಡಿಗೆ ಹೋಗವ್ರೆ" ಅಂದರೆ ತಾತ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಗಣಿ ಕಾರ್ಮಿಕರ ಲೈನ್ ಮನೆಗಳಿಗೆ ಹೋಗಿದ್ದಾರೆ ಅಂತ ಅರ್ಥ. ನಮ್ಮೂರು ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವೆ ಇರುವ ಒಂದು ಹಳ್ಳಿ. ನಮ್ಮ ಮನೆಯವರು ಯಾರೂ ಗಣಿಗೆ ಇಳಿದವರಲ್ಲ. ಇಳಿದವರಲ್ಲಿ ಬಹಳ ಜನ ಉತ್ತರ ಆರ್ಕಾಟಿನ ಕಡೆಯಿಂದ, ಚಿತ್ತೂರಿನ ಕಡೆಯಿಂದ ಬಂದವರು. ಸುತ್ತಲಿನ ಹಳ್ಳಿಗಳಿಗೂ ಗಣಿಗೂ ಇದ್ದ ನಂಟು ಹಾಲು, ಮಜ್ಜಿಗೆ, ಸೊಪ್ಪು, ಸೌದೆಯದ್ದು. ಕೆಜಿಎಫ್ ಬಗ್ಗೆ ಬರೆಯೋರು ಚಿನ್ನ ಬರೀತಾರೆ, ದೊರೆಗಳ ಬಂಗಲೆ ಬರೀತಾರೆ. ಹಾಲು ಹಾಕಿದವರ ಬಗ್ಗೆ ನಾನು ಎಲ್ಲೂ ಓದಿಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಾಲಿನ ಲೆಕ್ಕ ಇದ್ದಿದ್ದು ಬಾಗಿಲ ಮೇಲೆ. ಪಾವು ಹಾಲಿಗೆ ಒಂದು ಗೀಟು. ನಾಲ್ಕು ನೆಟ್ಟಗೆ ಎಳೆದು ಐದನೆಯದನ್ನು ಅವುಗಳ ಮೇಲೆ ಅಡ್ಡ ಎಳೆದರೆ ಒಂದು ಕಟ್ಟು. ಇದ್ದಿಲಿನಲ್ಲೋ ಸುಣ್ಣದಲ್ಲೋ ಗೀಟು ಹಾಕುತ್ತಿದ್ದದ್ದು ಹಾಲು ಕೊಂಡ ಮನೆಯ ಹೆಂಗಸು. ಹಾಲು ಹಾಕಿದವನು ನಿಂತು ನೋಡಬೇಕು, ಅಷ್ಟೇ. ಸಂಬಳದ ದಿನ ಕಟ್ಟುಗಳನ್ನು ಎಣಿಸಿ, ದುಡ್ಡು ಕೊಟ್ಟು, ಒದ್ದೆ ಬಟ್ಟೆಯಲ್ಲಿ ಒರೆಸಿಬಿಡೋದು. ತಾತ ಮನೆಯಲ್ಲಿ ತೆಲುಗು ಆಡುತ್ತಿದ್ದರು, ಅವರಿಗೆ ಓದು ಬರುತ್ತಿರಲಿಲ್ಲ. ಲೈನಿನವರದು ತಮಿಳು. ಶಾಲೆಗೆ ಹೋಗುವ ಮಕ್ಕಳದು ಕನ್ನಡ. ಈ ಮೂರರಲ್ಲಿ ಯಾವ ಲಿಪಿಯೂ ಗೀಟಿಗೆ ಬೇಕಿರಲಿಲ್ಲ.

ಸೇರು, ಪಾವು, ಚಟಾಕು ಹೋಗಿ ಲೀಟರ್ ಬಂದಿದ್ದು ಸರ್ಕಾರದ ಕಾನೂನಿನಲ್ಲಿ ಬಹಳ ಹಿಂದೆ. ನಮ್ಮ ತಾತನ ಕ್ಯಾನಿಗೆ ಆ ಕಾನೂನು ತಲುಪಲೇ ಇಲ್ಲ. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಅಮ್ಮ ಈಗಲೂ ಅನ್ನಕ್ಕೆ ಅಕ್ಕಿ ಅಳೆಯೋದು ಪಾವಿನಲ್ಲೇ. ಆ ಪಾವಿನ ತಳ ಸವೆದು ಒಂದು ಕಡೆ ವಾಲಿದೆ.

ನಮ್ಮ ಮನೆಯಲ್ಲಿ 'ಗೀಟು ಅಳಿಸು' ಅಂದರೆ ಸಾಲ ತೀರಿಸು ಅಂತ. "ಅವರದು ಗೀಟು ಅಳಿಸಿದೆಯಾ?" ಅಂತ ಅಪ್ಪ ಕೇಳಿದರೆ ಕೈಗಡ ವಾಪಸ್ ಕೊಟ್ಟೆಯಾ ಅಂತ. ನನ್ನ ಮಗನ ಎದುರು ಒಮ್ಮೆ ಈ ಮಾತು ಬಂತು. ಅವನು ತನ್ನ ಪೆನ್ಸಿಲ್ ರಬ್ಬರ್ ತಂದುಕೊಟ್ಟ.

ಇನ್ನು ಸೈರನ್. ಗಣಿಯಲ್ಲಿ ದಿನಕ್ಕೆ ಮೂರು ಪಾಳಿ. ಪಾಳಿ ಬದಲಾಗುವಾಗ ಸೈರನ್ ಕೂಗುತ್ತಿತ್ತು. ಲೈನಿನವರು ಅದನ್ನು 'ಸಂಗು' ಅನ್ನುತ್ತಿದ್ದರು, ತಮಿಳಿನಲ್ಲಿ ಶಂಖ ಅಂತ ಅರ್ಥ. ಗಾಳಿ ನಮ್ಮ ಕಡೆ ಬೀಸಿದಾಗ ಅದು ನಮ್ಮ ಹೊಲಕ್ಕೂ ಕೇಳಿಸುತ್ತಿತ್ತು. ಅಜ್ಜಿಗೆ ಗಡಿಯಾರ ನೋಡೋಕೆ ಬರುತ್ತಿರಲಿಲ್ಲ. ಬೆಳಗಿನ ಸಂಗಿಗೆ ಮುದ್ದೆಗೆ ಎಸರಿಡೋದು, ಮಧ್ಯಾಹ್ನದ ಸಂಗಿಗೆ ಹಸು ಮರಕ್ಕೆ ಕಟ್ಟೋದು. ಮೂರನೆಯ ಸಂಗು ಮಲಗಿದ ಮೇಲೆ ಬರುತ್ತಿತ್ತು, ಅದು ಯಾರಿಗೂ ಬೇಡ. ಪಾಳಿಯ ಹೊತ್ತಲ್ಲದ ಹೊತ್ತಿನಲ್ಲಿ ಸೈರನ್ ಕೇಳಿದರೆ ಅಜ್ಜಿ ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕೆಜಿಎಫ್ ದಿಕ್ಕಿಗೆ ನೋಡಿ ನಿಲ್ಲುತ್ತಿದ್ದರು. ತಾತ ಅವತ್ತು ತಡವಾಗಿ ಬರುತ್ತಾರೆ, ಕ್ಯಾನಿನಲ್ಲಿ ಹಾಲು ಉಳಿದಿರುತ್ತದೆ ಅಂತ ಅವರಿಗೆ ಗೊತ್ತಾಗುತ್ತಿತ್ತು.

ಆ ಕಾಲದ ಮಾತು 'ಏರ್ ಬ್ಲಾಸ್ಟು'. ಹೆಸರಿನಲ್ಲಿ ಗಾಳಿ ಇದ್ದರೂ ಸಿಡಿಯೋದು ಬಂಡೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಅಷ್ಟು ಕೆಳಗೆ ಕಲ್ಲಿನ ಬಿಸಿಯೇ 60 ಡಿಗ್ರಿ ದಾಟುತ್ತದೆ. ಮೇಲಿನ ನೆಲದ ಭಾರವೆಲ್ಲ ಆ ಕಲ್ಲಿನ ಮೇಲೆ ಕೂತಿರುತ್ತದೆ. ನಡುವಿನಿಂದ ಅದಿರು ತೆಗೆದಾಗ ಆ ಭಾರ ಹೊರೋಕೆ ಉಳಿದ ಕಲ್ಲಿಗೆ ಆಗದೆ ಹೋದರೆ, ಮುನ್ಸೂಚನೆ ಇಲ್ಲದೆ ಸಿಡಿದುಬಿಡುತ್ತದೆ. ಕೆಳಗೆ ಇದ್ದವರ ಕಥೆ ಮುಗಿಯಿತು. ಮೇಲೆ ಲೈನ್ ಮನೆಗಳಲ್ಲಿ ಅಟ್ಟದ ಪಾತ್ರೆ ಗಲಗಲ ಅನ್ನುತ್ತದೆ. ಇಂಥದ್ದನ್ನೆಲ್ಲ ಅಳೆದು ಅಧ್ಯಯನ ಮಾಡೋಕೆ 1988ರಲ್ಲಿ ಕೆಜಿಎಫ್‌ನಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಶುರುವಾಯಿತು. ಲೈನಿನ ಹೆಂಗಸರಿಗೆ ಯಂತ್ರ ಬೇಕಿರಲಿಲ್ಲ. ಪಾತ್ರೆ ಸದ್ದಾದರೆ ಶಾಫ್ಟಿನ ಕಡೆ ಓಡುತ್ತಿದ್ದರು. ತಾತ ಒಂದು ಸಲ ಅಂಥ ಹೊತ್ತಿನಲ್ಲಿ ಅಲ್ಲೇ ಇದ್ದರಂತೆ. ಪೂರ್ತಿ ಬೀದಿ ಖಾಲಿ, ಎಲ್ಲ ಬಾಗಿಲೂ ತೆರೆದೇ ಇದ್ದವು, ಯಾರ ಮನೆಗೆ ಹಾಲು ಹಾಕಲಿ ಅಂತ ನಿಂತಿದ್ದೆ ಅಂತ ಹೇಳುತ್ತಿದ್ದರು. ಕೊನೆಗೆ ಪ್ರತಿ ಮನೆಯ ಒಳಗೂ ಹೋಗಿ ಪಾತ್ರೆಗೆ ಸುರಿದು, ಗೀಟು ಹಾಕದೇ ಬಂದರಂತೆ.

ಮನೆಯಲ್ಲಿ ಜೋರಾಗಿ ಕೂಗಾಡುವವರಿಗೆ ನಾವು 'ಏರ್ ಬ್ಲಾಸ್ಟು' ಅಂತ ಅಡ್ಡಹೆಸರು ಇಟ್ಟಿದ್ದೆವು. ತಾತನಿಗೆ ಅದು ಇಷ್ಟವಾಗುತ್ತಿರಲಿಲ್ಲ. ಯಾಕೆ ಅಂತ ನನಗೆ ತಡವಾಗಿ ಅರ್ಥವಾಯಿತು.

'ಬುಡ್ಡಿ'ಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಶಿವನಸಮುದ್ರದ ಕರೆಂಟು ಮೊದಲು ಬಂದಿದ್ದು ಬೆಂಗಳೂರಿಗಲ್ಲ, ಕೆಜಿಎಫ್‌ಗೆ. 1902ರಲ್ಲಿ, 147 ಕಿಲೋಮೀಟರ್ ತಂತಿ ಎಳೆದು, ಗಣಿಯ ಯಂತ್ರ ತಿರುಗಿಸೋಕೆ. ಬೆಂಗಳೂರಿಗೆ 1905ರಲ್ಲಿ ಬಂತು. ನಮ್ಮ ಅಜ್ಜಿ ಮದುವೆಯಾಗಿ ಬಂದಾಗ ರಾತ್ರಿ ಅಂಗಳದಿಂದ ಕೆಜಿಎಫ್ ದಿಕ್ಕಿನಲ್ಲಿ ಆಕಾಶ ಬೆಳ್ಳಗೆ ಕಾಣುತ್ತಿತ್ತಂತೆ, ಮನೆಯೊಳಗೆ ಮಾತ್ರ ಸೀಮೆಎಣ್ಣೆ ಬುಡ್ಡಿ. ಬುಡ್ಡಿಯ ಮಸಿಯನ್ನೇ ಮಗುವಿಗೆ ದೃಷ್ಟಿ ಬೊಟ್ಟು ಇಡುತ್ತಿದ್ದರು.

ಜಾನ್ ಟೇಲರ್ ಕಂಪನಿ 1880ರಲ್ಲಿ ಶುರುಮಾಡಿದ ಕೆಲಸ ಹಲವು ಕೈ ದಾಟಿತು. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. 120 ವರ್ಷದಲ್ಲಿ 800 ಟನ್ನಿನಷ್ಟು ಚಿನ್ನ ತೆಗೆದಿದ್ದರು. ನನಗೆ ಆಗ ಹನ್ನೆರಡು ವರ್ಷ. ಊರಿನಲ್ಲಿ ಯಾರೂ ಅದನ್ನು ದೊಡ್ಡ ಸುದ್ದಿ ಮಾಡಲಿಲ್ಲ. ಮಾರನೆಯ ದಿನ ಅಜ್ಜಿ ಮುದ್ದೆಗೆ ಎಸರಿಡೋದು ತಡವಾಯಿತು, ನನಗೆ ಸ್ಕೂಲಿಗೆ ತಡವಾಯಿತು. ನನ್ನ ನೆನಪಿನಲ್ಲಿ ಗಣಿ ಮುಚ್ಚಿದ್ದು ಅಷ್ಟೇ.

ತಾತನಿಗೆ ಹಾಗಲ್ಲ. ಲೈನಿನ ಬಾಗಿಲುಗಳ ಮೇಲೆ ಗೀಟು ಹಾಗೇ ಉಳಿದವು. ಅವರು ಹಾಲು ಹಾಕೋದು ನಿಲ್ಲಿಸಲಿಲ್ಲ. "ಮಕ್ಕಳಿರೋ ಮನೆ" ಅನ್ನುತ್ತಿದ್ದರು, ಅದಕ್ಕಿಂತ ಹೆಚ್ಚು ವಿವರಣೆ ಕೊಡುತ್ತಿರಲಿಲ್ಲ. ಆರೇಳು ತಿಂಗಳು ನಡೆಯಿತು. ಅಜ್ಜಿ ಜಗಳ ಮಾಡಿದರು, ಒಂದು ಹಸು ಮಾರಿದರು. ಆಮೇಲೆ ಊರಿನ ಡೇರಿಗೆ ಹಾಲು ಹಾಕೋಕೆ ಶುರುಮಾಡಿದೆವು. ಡೇರಿಯಲ್ಲಿ ಲೀಟರ್ ಲೆಕ್ಕ, ಚೀಟಿ ಕೊಡುತ್ತಾರೆ. ತಾತನ ಸೈಕಲ್ ಕೊಟ್ಟಿಗೆ ಸೇರಿತು.

ಗಣಿಯ ಮನೆಗಳ ಜನ ಊರು ಬಿಟ್ಟು ಹೋಗಲಿಲ್ಲ, ರೈಲು ಹತ್ತಿದರು. 1894ರಲ್ಲಿ ಗಣಿಗಾಗಿಯೇ ಹಾಕಿದ ಬಂಗಾರಪೇಟೆ–ಮಾರಿಕುಪ್ಪಂ ಹಳಿ ಈಗ ಸಾವಿರಾರು ಜನರನ್ನು ಕತ್ತಲಿರುವಾಗಲೇ ಬೆಂಗಳೂರಿಗೆ ಹೊತ್ತುಕೊಂಡು ಹೋಗುತ್ತದೆ, ರಾತ್ರಿ ತಂದು ಬಿಡುತ್ತದೆ. ಪಾಳಿ ಮುಗಿದಿಲ್ಲ, ಕೆಲಸದ ಜಾಗ ದೂರವಾಗಿದೆ. ಎಬ್ಬಿಸೋಕೆ ಸಂಗು ಇಲ್ಲ, ಫೋನಿನ ಅಲಾರಂ ಇದೆ. ನಾನು ಡಿಪ್ಲೊಮಾ ಓದುವಾಗ ಅದೇ ರೈಲಿನಲ್ಲಿ ಬಾಗಿಲ ಬಳಿ ನಿಂತು ಹೋಗಿ ಬಂದವನು.

ಜಿಲ್ಲಾ ವರದಿಗಾರನಾದ ಮೇಲೆ ನನ್ನನ್ನು ಕೆಜಿಎಫ್ ಬಗ್ಗೆ ಕೇಳೋರಿಗೆ ಬೇಕಾಗೋದು ಸೈನೈಡ್ ದಿಬ್ಬದ ಫೋಟೊ. 2018ರಲ್ಲಿ ಸಿನಿಮಾ ಬಂದ ಮೇಲಂತೂ ಬೇರೆ ಜಿಲ್ಲೆಯ ಗೆಳೆಯರು ಊರಿನ ಹೆಸರು ಕೇಳಿ ಹೀರೊ ಡೈಲಾಗ್ ಹೊಡೆಯುತ್ತಾರೆ. ನಗುತ್ತೇನೆ. ಸಿನಿಮಾ ನನಗೂ ಇಷ್ಟವಾಯಿತು. ಆದರೆ ಅದರಲ್ಲಿ ಗೀಟು ಹಾಕಿದ ಒಂದು ಬಾಗಿಲೂ ಇಲ್ಲ.

ಮೊನ್ನೆ ಒಂದು ವರದಿಯ ಕೆಲಸಕ್ಕೆ ಚಾಂಪಿಯನ್ ರೀಫ್ ಕಡೆ ಹೋದವನು ತಾತ ಹಾಲು ಹಾಕುತ್ತಿದ್ದ ಲೈನಿಗೂ ಹೋದೆ. ಬಹಳ ಬಾಗಿಲು ಬದಲಾಗಿವೆ, ಕೆಲವಕ್ಕೆ ತಗಡು ಬಡಿದಿದ್ದಾರೆ. ಗೀಟು ಎಲ್ಲೂ ಕಾಣಲಿಲ್ಲ. ಒಂದು ಮನೆಯ ಮುಂದೆ ವಯಸ್ಸಾದ ತಾಯಿಯೊಬ್ಬರು ಸೊಪ್ಪು ಬಿಡಿಸುತ್ತಿದ್ದರು. ಯಾರ ಕಡೆಯವನು ಅಂತ ಕೇಳಿದರು, ಊರಿನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಮುಖ ನೋಡಿ, "ಪಾಲ್‌ಕಾರರ್ ಪೇರನ್ನಾ?" ಅಂದರು. ಹಾಲಿನವರ ಮೊಮ್ಮಗನಾ ಅಂತ. ಹೌದು ಅಂದೆ. ತಾತ ಇದ್ದಾರಾ ಅಂದರು. ಇಲ್ಲ, ಹೋಗಿ ಒಂಬತ್ತು ವರ್ಷವಾಯಿತು ಅಂದೆ.

ಅವರು ಸೊಪ್ಪು ಕೆಳಗಿಟ್ಟು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಸೆರಗಿನ ಗಂಟು ಬಿಚ್ಚಿ ನೂರರ ಎರಡು ನೋಟು ನನ್ನ ಕೈಗೆ ತುರುಕಿದರು. ಬೇಡ ಅಂದೆ. ಬೈದರು, ತಮಿಳಿನಲ್ಲಿ, ಜೋರಾಗಿ. ಇಟ್ಟುಕೊಂಡೆ. ಆಮೇಲೆ ಟೀ ಕೊಟ್ಟರು, ಪ್ಯಾಕೆಟ್ ಹಾಲಿನದು.